ಗೋಡೆ ನೋಡುವ ದೇಚಮ್ಮ

ನಮ್ಮ ಮನೆಗೆ ಬಂದವರೆಲ್ಲ ಮೊದಲು ಜನರ ಮುಖ ನೋಡುತ್ತಿದ್ದರು. ದೇಚಮ್ಮನವರು ಮಾತ್ರ ಗೋಡೆ ನೋಡುತ್ತಿದ್ದರು. ಹೊಸಿಲು ದಾಟುತ್ತಲೇ ಕತ್ತೆತ್ತಿ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ, ಬೆರಳಿನಿಂದ ಒಮ್ಮೆ ಸವರಿ, ಬಿಳಿ ಪುಡಿ ಅಂಟಿದರೆ "ಸದ್ಯ!" ಎಂದು ಉಸಿರು ಬಿಡುತ್ತಿದ್ದರು. ಆಮೇಲೆಯೇ "ಎಲ್ಲ ಚೆನ್ನಾಗಿದ್ದೀರಾ?" ಹೆಣ್ಣು ನೋಡಲು ಬಂದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ ಎಂದು ನನ್ನ ಅತ್ತೆ ನಗುತ್ತಿದ್ದರು.

ಆಗ ಕೊಡಗು ಬೇರೆಯೇ ರಾಜ್ಯ, ಮಡಿಕೇರಿಯೇ ರಾಜಧಾನಿ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದವರ ಮನೆಗೆ ನಾನು ಸೊಸೆಯಾಗಿ ಬಂದಿದ್ದೆ. ಚಳಿಜ್ವರ ಆ ಸೀಮೆಗೆ ನೆಂಟನಲ್ಲ, ಮನೆಯವನೇ. ನನ್ನ ಮೊದಲ ಕೂಸು ಅದಕ್ಕೇ ಹೋಯಿತು. ಎರಡನೆಯದು ಹೊಟ್ಟೆಯಲ್ಲಿದ್ದಾಗ ಸರ್ಕಾರದ ಆಳುಗಳು ಬಂದು ಚಳಿಜ್ವರದ ಸೊಳ್ಳೆಗೆಂದು ಊರಿನ ಗೋಡೆಗಳಿಗೆಲ್ಲ ಡಿಡಿಟಿ ಹೊಡೆದು ಹೋದರು. ಅದನ್ನು ಯಾಕೆ ಹೊಡೆದರು ಎಂದು ಹೆಂಗಸರಿಗೆ ತಿಳಿಸಿ ಹೇಳಲು ಸುಂಟಿಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದವರು ದೇಚಮ್ಮ.

ಹಿಂದಕ್ಕೆ ನೆರಿಗೆ ಬಿಟ್ಟ ಕೊಡವ ಸೀರೆ, ಕಂಕುಳಲ್ಲಿ ಛತ್ರಿ, ಚೀಲದಲ್ಲಿ ಬಟ್ಟೆ ಸುತ್ತಿದ ಗಾಜಿನ ಲೋಟಗಳು. ಇಂಥ ಗಾಬರಿಯ ಹೆಂಗಸನ್ನು ನಾನು ಮತ್ತೆ ನೋಡಿಲ್ಲ. ಹಸು ತಲೆಯಾಡಿಸಿದರೆ ಗಾಬರಿ, ತೋಡಿನ ಮೇಲಿನ ಮರದ ಸಂಕ ದಾಟುವಾಗ ಗಾಬರಿ, ಬಂದು ಕೂತ ಗಳಿಗೆಯಿಂದ ವಾಪಸು ಬಸ್ಸು ತಪ್ಪೀತೆಂಬ ಗಾಬರಿ. ಆದರೆ ಬರುವುದನ್ನು ತಪ್ಪಿಸಿದವರಲ್ಲ. "ಧೈರ್ಯ ಇರುವವರಿಗೆ ಈ ಕೆಲಸ ಆಗೋದಿಲ್ಲ ಮೂಡಿ, ಹೆದರಿಕೆ ಇರುವವರಿಗೇ ಇದು," ಎನ್ನುತ್ತಿದ್ದರು. ಮೂಡಿ ಎಂದರೆ ಕೊಡವ ಮಾತಿನಲ್ಲಿ ಹುಡುಗಿ. ಮೂರು ಹೊತ್ತೂ ಹೆದರಿಕೊಂಡೇ ಇದ್ದ ನನಗೆ ಆ ಮಾತು ಕೇಳಿ ಎಷ್ಟೋ ಸಮಾಧಾನವಾಗಿತ್ತು.

ಅವರಿಗೆ ಸೊಳ್ಳೆಗಿಂತ ದೊಡ್ಡ ವೈರಿ ನಮ್ಮ ಶುಚಿತನ. ಹಬ್ಬ ಹತ್ತಿರ ಬಂತೆಂದರೆ ನಮ್ಮ ಕೇರಿಯವರು ಕೆಮ್ಮಣ್ಣು, ಸಗಣಿ ಕಲಸಿ ಗೋಡೆಗಳನ್ನೆಲ್ಲ ಸಾರಿಸಿಬಿಡುತ್ತಿದ್ದರು. ಗೋಡೆಯೇನೋ ಲಕ್ಷಣವಾಗಿ ಕಾಣುತ್ತಿತ್ತು, ಹೊಡೆದ ಮದ್ದು ಮಾತ್ರ ಮಣ್ಣಿನಡಿ ಸೇರುತ್ತಿತ್ತು. ದೇಚಮ್ಮ ತಲೆಯ ಮೇಲೆ ಕೈ ಹೊತ್ತು, "ಸೊಳ್ಳೆ ಊಟ ಆದ ಮೇಲೆ ಗೋಡೆಗೆ ಒರಗ್ತದೆ. ಹೊಟ್ಟೆ ಭಾರ ಆಗಿರ್ತದೆ, ಅಲ್ವ? ಅಲ್ಲಿ ಮದ್ದು ಇದ್ರೆ ಸಾಯ್ತದೆ. ನೀವು ನೋಡಿದ್ರೆ ಅದಕ್ಕೆ ಹಾಸಿಗೆ ಹಾಸಿ ಕೊಡ್ತೀರಲ್ಲ!" ಎನ್ನುತ್ತಿದ್ದರು. ಹೆಂಗಸರು ನಗುತ್ತಿದ್ದರು, ಸಾರಿಸುತ್ತಿದ್ದರು.

ಒಂದು ದಿನ ಅವರು ನಮ್ಮ ಮನೆಯಲ್ಲೇ ಕೇರಿಯ ಹೆಂಗಸರನ್ನು ಸೇರಿಸಿದರು. ಕೊಟ್ಟಿಗೆಯಲ್ಲಿ ಹಿಡಿದ ಸೊಳ್ಳೆಗಳನ್ನು ಎರಡು ಲೋಟಗಳಿಗೆ ಬಿಟ್ಟು, ಒಂದನ್ನು ನಡುಮನೆಯ ಮದ್ದಿನ ಗೋಡೆಗೆ ತಾವೇ ಒತ್ತಿ ಹಿಡಿದರು. ಇನ್ನೊಂದನ್ನು, ಅತ್ತೆ ಗೌರಿ ಹಬ್ಬಕ್ಕೆಂದು ಸಾರಿಸಿದ್ದ ಅಡುಗೆಮನೆಯ ಗೋಡೆಗೆ ಹಿಡಿಯಲು ನನಗೆ ಕೊಟ್ಟರು. ಸೊಳ್ಳೆ ಹೇಳಿದ ಕೂಡಲೇ ಸಾಯುತ್ತದೆಯೇ? ಕಾದೆವು. ಒಬ್ಬಳು ಮನೆಗೆ ಹೋಗಿ ಅನ್ನ ಬಸಿದು ಬಂದಳು, ಇನ್ನೊಬ್ಬಳು ಕರುವಿಗೆ ಹುಲ್ಲು ಹಾಕಿ ಬಂದಳು. ದೇಚಮ್ಮನವರು, "ಇದು ಸಾಯದೆ ಹೋದ್ರೆ ಈ ಕೇರಿಯಲ್ಲಿ ಇನ್ನು ನನ್ನ ಮಾತು ಯಾರು ಕೇಳ್ತಾರೆ?" ಎಂದು ಬಾಗಿಲಾಚೆಯಿಂದ ನನಗೆ ಪಿಸುಗುಟ್ಟಿದರು. ಕೊನೆಗೂ ಅವರ ಲೋಟದವು ಒಂದೊಂದಾಗಿ ಕಾಲು ಮೇಲೆ ಮಾಡಿದವು. ನನ್ನ ಲೋಟದವು ಗುಂಯ್‌ಗುಟ್ಟುತ್ತಲೇ ಇದ್ದವು. ಎಲ್ಲರೂ ಬೆರಗಾದರು, ಅತ್ತೆಯೊಬ್ಬರನ್ನು ಬಿಟ್ಟು. ಅವರು ನನ್ನ ಲೋಟ ತೋರಿಸಿ, "ಇವು ಗಟ್ಟಿ ಸೊಳ್ಳೆ ಕಣವ್ವ," ಎಂದುಬಿಟ್ಟರು.

ನನ್ನ ದಿನ ತುಂಬುತ್ತ ಬಂದಾಗ ನಿಜವಾದ ಜಟಾಪಟಿ ಶುರುವಾಯಿತು. ಬಾಣಂತಿ ಕೋಣೆಯನ್ನು ನೆಲದಿಂದ ಸೂರಿನವರೆಗೆ ಸಾರಿಸದೆ ಇಡುವುದು ಅತ್ತೆಯ ಪಾಲಿಗೆ ಆಗದ ಮಾತು. ಅವರೂ ಒಂದು ಮೊಮ್ಮಗುವನ್ನು ಮಣ್ಣು ಮಾಡಿದವರು.

"ನೆಲ ಎಷ್ಟು ಸಲ ಬೇಕಾದ್ರೂ ಸಾರಿಸಿ ಅಮ್ಮ. ಗೋಡೆ ಒಂದು ಬಿಟ್ಟುಬಿಡಿ," ಎಂದರು ದೇಚಮ್ಮ.

"ಬಿಟ್ರೆ ಕೂಸಿಗೆ ಜ್ವರ ಬರಾಕಿಲ್ಲ ಅಂತ ಆಣೆ ಮಾಡ್ತೀಯಾ?"

ನಾನು ದೇಚಮ್ಮನವರ ಬಾಯನ್ನೇ ನೋಡುತ್ತಿದ್ದೆ. ಹೂಂ ಎಂದರೆ ಮುಗಿಯುತ್ತಿತ್ತು. ಅವರು ಸೆರಗಿನ ತುದಿ ಹಿಂಡುತ್ತ, "ಆಣೆ ಮಾಡೋದಿಲ್ಲ. ಬರೋದು ಕಡಿಮೆ ಅಂತ ಹೇಳ್ತೇನೆ, ಅಷ್ಟೇ. ಇವತ್ತು ಸುಳ್ಳು ಹೇಳಿದ್ರೆ ನಾಳೆ ನಿಜ ಹೇಳಿದಾಗ ನೀವು ನಂಬೋದಿಲ್ಲ," ಎಂದರು. ನನಗೆ ಅವರ ಮೇಲೆ ಸಿಟ್ಟೇ ಬಂತು. ಬಸುರಿಗೆ ಬೇಕಾದದ್ದು ಆಣೆ. ಕಡಿಮೆ ಹೆಚ್ಚಿನ ಲೆಕ್ಕವಲ್ಲ. ಅತ್ತೆ ಮಾತ್ರ ಅವರನ್ನು ದಿಟ್ಟಿಸಿ, ನೆಲವನ್ನಷ್ಟೇ ಸಾರಿಸಿದರು.

ಗಂಡು ಮಗು ಹುಟ್ಟಿತು. ಅದು ಕತ್ತು ನಿಲ್ಲಿಸುವ ಹೊತ್ತಿಗೆ ಒಂದು ಬೆಳಿಗ್ಗೆ ಮೈ ಕೆಂಡದಂತೆ ಸುಡತೊಡಗಿತು. ವಿಷಯ ತಿಳಿದು ಬಂದ ದೇಚಮ್ಮ ಮಗುವಿನ ಹಿಮ್ಮಡಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಪರೀಕ್ಷೆ ಮಾಡಿಸಲು ಮಡಿಕೇರಿಗೆ ಹೊರಟರು. ಮಗುವಿಗಿಂತ ಹೆಚ್ಚು ಅವರೇ ಬೆವರಿದ್ದರು. ಅವರು ಅತ್ತ ಹೋಗುತ್ತಲೇ ಅತ್ತೆ ಅಂಗಳದಲ್ಲಿ ಬಾಂಡ್ಲಿಗೆ ಕೆಮ್ಮಣ್ಣು ಹಾಕಿ ನೀರು ಸುರಿದರು. "ಚಳಿಜ್ವರ ಅಂತ ಬರ್ಲಿ, ಅವತ್ತೇ ಗೋಡೆ ಸಾರಿಸ್ತೀನಿ. ಆಯಮ್ಮನ್ನ ಹೊಸಿಲು ಮೆಟ್ಟಿಸಾಕಿಲ್ಲ," ಎಂದರು. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು ಆ ಮಣ್ಣು ನೆನೆಯುವುದನ್ನೇ ನೋಡುತ್ತ ದಿನ ಕಳೆದೆ.

ದೇಚಮ್ಮ ಬರುವ ವಾರ ಅದಾಗಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಬಸ್ಸಿನ ದಾರಿಯಿಂದ ಅರ್ಧ ನಡೆದು, ಅರ್ಧ ಓಡಿ ಬಂದರು. ಗದ್ದೆ ಬದುವಿನಿಂದಲೇ ಕೂಗಿದರು: "ಚಳಿಜ್ವರ ಅಲ್ಲ ಮೂಡಿ! ಬರೀ ಶೀತದ ಜ್ವರ!" ಜಗಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ನನಗೂ ಅಳು ತಡೆಯಲಿಲ್ಲ.

ನನ್ನ ಅತ್ತೆ ಬಾಂಡ್ಲಿ ಎತ್ತಿಕೊಂಡು ಹೋಗಿ, ನೆನೆದ ಮಣ್ಣನ್ನೆಲ್ಲ ತಿಪ್ಪೆಗೆ ಸುರಿದು ಬಂದರು. ಕೈ ತೊಳೆಯುತ್ತ, "ಮತ್ತೆ ಜ್ವರ ಬಂದ್ರೆ ನಿನ್ನನ್ನೇ ಕೇಳೋದು. ಬತ್ತಾ ಇರವ್ವ," ಎಂದರು.

"ಬರ್ತೇನೆ ಅಮ್ಮ," ಎಂದರು ದೇಚಮ್ಮ, ಬಸ್ಸಿಗೆ ಹೊತ್ತಾಯಿತೆಂದು ಕಾಫಿಯನ್ನೂ ಪೂರ್ತಿ ಕುಡಿಯದೆ.

ಬರಲಿಲ್ಲ. ಕೊಡಗು ಮೈಸೂರಿಗೆ ಸೇರಿತು, ಅವರಿಗೆ ವರ್ಗವಾಯಿತಂತೆ. ಎಲ್ಲಿಗೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮುಂದೆಯೂ ಮಗನ ಮೈ ಬಿಸಿಯಾದಾಗಲೆಲ್ಲ ನಾನು ಅವನ ಹಣೆ ಮುಟ್ಟಿ ನೋಡುತ್ತ ಕೂತಿರುತ್ತಿದ್ದೆ; ಅತ್ತೆ ಜಗಲಿಗೆ ಹೋಗಿ ಸುಂಟಿಕೊಪ್ಪದ ಬಸ್ಸು ಕಾಯುತ್ತಿದ್ದರು.