ನಾಲ್ಕು ಬೆರಳಿನ ಕೈಗವಸು

ಅಕ್ಕ ಬರೆದುಕೊಟ್ಟ ಕೈಯ ಚಿತ್ರವನ್ನು ನಾನು ಆ ಅಂಗಡಿಯಲ್ಲಿ ತೋರಿಸಲೇ ಇಲ್ಲ. ಅದು ಬ್ಯಾಗಿನಲ್ಲೇ ಇತ್ತು. ಮರೆತದ್ದಲ್ಲ — ಮರೆತೆ ಎಂದು ಬರೆದರೆ ಇದೂ ಇನ್ನೊಂದು ಸುಳ್ಳಾಗುತ್ತದೆ.

ನಾನು ಏಳನೇ ತರಗತಿಗೆ ಓದು ಬಿಟ್ಟವಳು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಅಕ್ಕನ ಎಡಗೈಯಲ್ಲಿ ಕಿರುಬೆರಳಿಲ್ಲ. ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಹೋಯಿತು. ಆ ಕೈಯಲ್ಲೇ ನನ್ನ ಜಡೆ ಹೆಣೆದಳು, ನರ್ಸ್ ಆದಳು, ದೇಶ ಬಿಟ್ಟು ವೆಲ್ಲಿಂಗ್ಟನ್ನಿಗೆ ಬಂದಳು. ನಾನು ಮದುವೆಯಾಗಿ ಪಕ್ಕದ ಊರು ಲೋವರ್ ಹಟ್‌ಗೆ ಬಂದಾಗ ನನ್ನ ಅರ್ಜಿಗಳನ್ನೆಲ್ಲ ತುಂಬಿಕೊಟ್ಟಳು. ಇಲ್ಲಿನ ಚಳಿಗಾಳಿಗೆ ಬೆರಳು ಹೋದ ಜಾಗ ಸೆಳೆಯುತ್ತದೆ. ಮಾಲ್‌ನ ಕೈಗವಸು ಹಾಕಿದರೆ ಖಾಲಿ ಬೆರಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ. ಬಸ್ ಸ್ಟಾಪಿನಲ್ಲಿ ಎಲ್ಲರೂ ಅದನ್ನೇ ನೋಡುತ್ತಾರೆ.

2013ರಲ್ಲಿ ನನ್ನ ಗಂಡನ ಕಂಪನಿ ಅವರನ್ನು ಎರಡು ವಾರ ಫ್ಲಾರೆನ್ಸಿಗೆ ಕಳಿಸಿತು, ನಾನೂ ಹೊರಟೆ. ಅಲ್ಲಿ ಕೈಯ ಅಳತೆಗೇ ಕೈಗವಸು ಹೊಲಿಯುವ ಹಳೇ ಅಂಗಡಿಗಳಿವೆ ಎಂದು ಅಕ್ಕ ಎಲ್ಲೋ ಕೇಳಿದ್ದಳು. ಕ್ಯಾಲೆಂಡರ್ ಹಾಳೆಯ ಹಿಂದೆ ಒಂದೊಂದೇ ಕೈ ಊರಿ, ಸುತ್ತ ಪೆನ್ನಿನಿಂದ ಗೆರೆ ಎಳೆದಳು. "ಒಂಬತ್ತು ಬೆರಳು ಕಣೇ. ಎಣಿಸ್ಕೊಂಡು ತಾ," ಎಂದು ನಕ್ಕಳು.

ಆ ಊರು — ಹೇಗೆ ಹೇಳಲಿ. ಒಂದು ಅಂಗಡಿಯಲ್ಲಿ ಬರೀ ಗುಂಡಿ, ಗೋಡೆ ತುಂಬ ಗುಂಡಿಯ ಡಬ್ಬಿಗಳು! ಪಕ್ಕದಲ್ಲಿ ಬರೀ ಕಾಗದ — ಒಬ್ಬಳು ನೀರಿನ ಮೇಲೆ ಬಣ್ಣ ತೇಲಿಸಿ ಹಾಳೆಗೆ ಎತ್ತುತ್ತಿದ್ದಳು, ನವಿಲುಗರಿಯೇ ಎದ್ದು ಬಂದಂತೆ. ಆಚೆ ಟೋಪಿಯವನು, ಈಚೆ ಸಾಬೂನಿನವಳು. ಬಾಗಿಲು ತಳ್ಳಿದರೆ ಗಂಟೆ. ಒಳಗೆ ಮಾಡುವವರೇ ಮಾರುವವರು. ನಮ್ಮ ಸಂತೇಪೇಟೆಗೇ ಬಂದೆನೇನೋ ಎನ್ನಿಸಿ, ಊಟ ಮರೆತು ಅಂಗಡಿಯಿಂದ ಅಂಗಡಿಗೆ ಓಡಾಡಿದೆ.

ಕೈಗವಸಿನ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಕುತ್ತಿಗೆಗೆ ಟೇಪು ಹಾಕಿಕೊಂಡ ಮುದುಕರೊಬ್ಬರು. ಅವರ ಮುಂದೆ ಇಬ್ಬರು ಹೆಂಗಸರು ಕೂತಿದ್ದರು — ಉದ್ದನೆಯ, ಬೆಳ್ಳನೆಯ, ಉಂಗುರ ತೊಟ್ಟ ಬೆರಳುಗಳು. ನಾನು ಬ್ಯಾಗಿಗೆ ಕೈ ಹಾಕಿದೆ. ಕಾಗದ ಬೆರಳಿಗೆ ತಗುಲಿತು. ಅದನ್ನು ಅವರೆದುರು ಬಿಡಿಸಬೇಕು, ಇದು ನನ್ನ ಅಕ್ಕನ ಕೈ ಎನ್ನಬೇಕು —

ಯಾರಿಗೆ ಎಂದು ಮುದುಕರು ಇಂಗ್ಲಿಷಿನಲ್ಲಿ ಕೇಳಿದರು.

"ನನಗೇ," ಎಂದೆ.

ಬಳೆಗಾರ ಹಿಡಿಯುವಂತೆ ನನ್ನ ಕೈ ಹಿಡಿದು, ಒಂದೊಂದು ಬೆರಳಿಗೂ ಅಳತೆ ತೆಗೆದರು. ನಾಚಿಕೆಗೇಡು — ಆಗ ನನಗೆ ಖುಷಿಯೇ ಆಗುತ್ತಿತ್ತು. ದಾಳಿಂಬೆ ಬಣ್ಣದ ಚರ್ಮ ಆರಿಸಿದೆ. ಮೂರು ದಿನ ಬಿಟ್ಟು ತರಲು ಹೋದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಗಲಾದರೂ ಆ ಕಾಗದ...

ಮನೆಗೆ ಮರಳಿ ಅದನ್ನೇ ಕೊಟ್ಟಾಗ ಅಕ್ಕ ಆಸೆಯಿಂದ ಹಾಕಿಕೊಂಡಳು. ಎಡಗೈಯ ಐದನೇ ಬೆರಳು ಖಾಲಿ ನಿಂತಿತು. "ಚಿತ್ರ ಕೊಟ್ಟೆ ಅಕ್ಕ, ಆ ಮುದುಕನೇ ತಪ್ಪು ಮಾಡಿದ," ಎಂದೆ. ಅವಳು ಆ ಬೆರಳಿಗೆ ಹತ್ತಿ ತುಂಬಿದಳು. ಐದು ಚಳಿಗಾಲ ಹಾಗೇ ಹಾಕಿದಳು.

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಪಕ್ಕದ ಬೀದಿಯ ಶೈಲಾ ಆಂಟಿ, ಫ್ಲಾರೆನ್ಸಿಗೆ ಹೊರಟಿದ್ದೇನೆ ಎಂದರು. ಅಕ್ಕ ಕೂಡಲೇ, "ಆ ಗ್ಲೌಸ್ ಅಂಗಡಿಗೆ ಮಾತ್ರ ಹೋಗ್ಬೇಡಿ ಆಂಟಿ. ಆ ತಾತಂಗೆ ನಾಲ್ಕರ ತನಕ ಎಣಿಸೋಕೂ ಬರಲ್ಲ," ಎಂದಳು. ಎಲ್ಲರೂ ನಕ್ಕರು. ಐದು ವರ್ಷ ಈ ಮಾತಿಗೆ ನಾನೂ ನಕ್ಕಿದ್ದೇನೆ. ಅಂದು ನಗು ಬರಲಿಲ್ಲ. ನನ್ನ ಕೈಯನ್ನು ಅಷ್ಟು ಮೆತ್ತಗೆ ಹಿಡಿದಿದ್ದವರು — ಅವರ ಹೆಸರನ್ನೂ ಕೆಡಿಸಿದೆ, ಇವಳ ಕೈಯನ್ನೂ ಬಚ್ಚಿಟ್ಟೆ.

ಎದ್ದು ಒಳಗೆ ಹೋಗಿ, ಸೀರೆಗಳ ಅಡಿಯಿಂದ ಆ ಕ್ಯಾಲೆಂಡರ್ ಹಾಳೆ ತಂದೆ. ಎಲ್ಲರೆದುರು ಬಿಡಿಸಿ ಅಕ್ಕನ ತಟ್ಟೆಯ ಪಕ್ಕ ಇಟ್ಟೆ.

"ತಪ್ಪು ಅವರದ್ದಲ್ಲ, ಇದನ್ನ ಅವರು ನೋಡೇ ಇಲ್ಲ. ಇದು ನಮ್ಮಕ್ಕನ ಕೈ ಅನ್ನೋಕೆ ನಂಗೆ ನಾಚಿಕೆ ಆಯ್ತು. ತಪ್ಪಾಯ್ತು ಅಕ್ಕ."