ಗಂಡಸರ ಪಾಲಿನ ವಚನ

ಬೈಬಲಿನ ಕೀರ್ತನೆಗಳನ್ನು ನಾನು ಈಗ ಬೀದರಿನ ಮನೆಯಲ್ಲಿ ಒಬ್ಬಳೇ ಓದುತ್ತೇನೆ. ಒಂದು ವಚನ ಓದಿ ಸ್ವಲ್ಪ ತಡೆದು, ಆಮೇಲೆ ಮುಂದಿನದು. ಅದರಲ್ಲಿ ದೊಡ್ಡ ಧ್ಯಾನವೇನಿಲ್ಲ, ಕಲಿತದ್ದೇ ಹಾಗೆ.

ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಯ ಚರ್ಚಿನಲ್ಲಿ ಕೀರ್ತನೆಯನ್ನು ಹಂಚಿಕೊಂಡು ಓದುತ್ತಿದ್ದರು. ಮೊದಲ ವಚನ ಬಲಗಡೆ ಕುಳಿತ ಗಂಡಸರದು, ಎರಡನೆಯದು ಎಡಗಡೆಯ ಹೆಂಗಸರದು. ಹೀಗೆ ಕೊನೆಯವರೆಗೆ. ಬಾವಿಗಳು ಬತ್ತಿದ ವರ್ಷ ಗಂಡಸರು ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋದರು. ಅಪ್ಪನೂ ಹೋದ. ಬಲಗಡೆ ಉಳಿದವರು ಓದು ಬಾರದ ಇಬ್ಬರು ಮುದುಕರು. ಪಾಸ್ಟರ್ ಔರಾದಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಆರಾಧನೆ ನಡೆಸುತ್ತಿದ್ದವರು ಶಾಲೆಯ ಟೀಚರಮ್ಮ.

ಗಂಡಸರ ವಚನ ಬಂದಾಗ ಹೆಂಗಸರು ಸುಮ್ಮನೆ ಕೂರುತ್ತಿದ್ದರು. ಅಷ್ಟು ಹೊತ್ತು ಗುಬ್ಬಿಗಳ ಸದ್ದು. ಯಾರೂ ಮಾಡಿದ ನಿಯಮವಲ್ಲ ಅದು. ಟೀಚರಮ್ಮನಿಗೆ ಆರನೆಯ ಕೀರ್ತನೆ ಇಷ್ಟ, ಮತ್ತೆ ಮತ್ತೆ ಅದನ್ನೇ ಓದಿಸುತ್ತಿದ್ದರು. ಅದರಲ್ಲಿ ಕಣ್ಣೀರಿನಿಂದ ಹಾಸಿಗೆ ತೋಯಿಸುವ ವಚನ ಹೆಂಗಸರಿಗೆ ಬಂತು. ದೇವರು ಪ್ರಾರ್ಥನೆಯನ್ನು ಸ್ವೀಕರಿಸುತ್ತಾನೆ ಎನ್ನುವ ಒಂಬತ್ತನೆಯ ವಚನ ಓದುವವರಿಲ್ಲದ ಬೆಂಚಿನ ಪಾಲಾಯಿತು.

“ಹಾಸಿಗಿ ತೋಯೂವಷ್ಟು ನೀರು ಎಲ್ಲಿಂದ ತರೂದ್ರಿ ಟೀಚರಮ್ಮ?” ಒಂದು ಭಾನುವಾರ ಹೊರಗೆ ಬಂದು ದೊಡ್ಡವ್ವ ಕೇಳಿದಳು. “ನನಗ ಒಂದು ಕೊಡ ತುಂಬವಲ್ದು.”

“ನೀ ಅಳೂ ಮೊದ್ಲು ಕಣ್ಣಿನ ಕೆಳಗ ಕೊಡ ಹಿಡಿ ಅಕ್ಕಾ,” ಎಂದಳು ಅವ್ವ. ಟೀಚರಮ್ಮನೂ ನಕ್ಕರು.

ಆ ವಾರವೇ ಭಾಲ್ಕಿ ಬಸ್‌ಸ್ಟ್ಯಾಂಡಿನಿಂದ ಸುದ್ದಿ ಬಂತು. ಅಪ್ಪ ಕೆಲಸ ಮಾಡುವ ಕಡೆ ಗೋಡೆ ಬಿದ್ದಿದೆ, ನಮ್ಮ ಊರಿನವನೊಬ್ಬ ಅದರಡಿ ಸಿಕ್ಕಿದ್ದಾನೆ. ಯಾರು, ಬದುಕಿದ್ದಾನೋ ಇಲ್ಲವೋ, ಹೇಳಿದವನಿಗೆ ಗೊತ್ತಿರಲಿಲ್ಲ. ಊರಲ್ಲಿ ಫೋನಿರಲಿಲ್ಲ. ಬೀದರಿನಲ್ಲಿದ್ದ ಸೋದರಮಾವ ವಿಚಾರಿಸಲು ಹೈದರಾಬಾದಿಗೆ ಹೊರಟ.

ಅವನು ಬರುವ ಮೊದಲೇ ಭಾನುವಾರ ಬಂತು. ಟೀಚರಮ್ಮ ಮತ್ತೆ ಆರನೆಯ ಕೀರ್ತನೆಯನ್ನೇ ತೆರೆದು ಅವ್ವನ ಕಡೆ ನೋಡಿದರು. “ಇವತ್ತ ಎಲ್ಲಾ ವಚನ ನಾವೇ ಓದೂಣು. ಆ ಸಮಾಧಾನದ ಮಾತು ನಿನಗ ಬೇಕಾಗ್ಯದ ತಂಗಿ.”

“ಬ್ಯಾಡ್ರಿ,” ಎಂದಳು ಅವ್ವ. “ಅವರದು ನಾವು ಓದಿದ್ರ, ಅವರು ಇಲ್ಲಂತ ನಾವೇ ಹೇಳ್ದಂಗ ಆಗ್ತದ.”

ಎಂದಿನಂತೆಯೇ ಓದು ಶುರುವಾಯಿತು. ನಾನು ಅವ್ವನ ಪಕ್ಕದಲ್ಲಿದ್ದೆ. ಒಂಬತ್ತನೆಯ ವಚನ ಬಂದಾಗ ಅವಳ ಹೆಬ್ಬೆರಳು ಸಾಲಿನ ಕೆಳಗೆ ಪದದಿಂದ ಪದಕ್ಕೆ ಸರಿಯಿತು, ಯಾರೋ ಓದುತ್ತಿರುವಷ್ಟೇ ನಿಧಾನವಾಗಿ. ತುಟಿ ಅಲುಗಲಿಲ್ಲ. ಬೇಡಿಕೊಳ್ಳುವುದೆಂದರೆ ಬಾಯಿಬಿಟ್ಟು ಕೇಳುವುದು ಎಂದಷ್ಟೇ ನಾನು ಅಲ್ಲಿಯತನಕ ತಿಳಿದಿದ್ದೆ. ಇನ್ನೊಬ್ಬರಿಗೆ ಜಾಗ ಬಿಟ್ಟು ಕೂರುವುದೂ ಬೇಡಿಕೊಳ್ಳುವುದೇ ಎಂದು ಅಂದು ಅನ್ನಿಸಿತು.

ಬುಧವಾರ ಮಾವನ ಜೊತೆ ಅಪ್ಪ ಬಸ್ಸಿನಿಂದ ಇಳಿದ. ಗೋಡೆಯಡಿ ಸಿಕ್ಕವನು ಅವನೇ. ಬಲಗೈ ಮುರಿದಿತ್ತು, ಮಿಕ್ಕಿದ್ದೆಲ್ಲ ನೆಟ್ಟಗಿತ್ತು.

ಮುಂದಿನ ಭಾನುವಾರ ಅವನು ಬಲಗಡೆ ಮುದುಕರ ನಡುವೆ ಕುಳಿತು, ಎಡಗೈಯಲ್ಲಿ ಪುಸ್ತಕ ಹಿಡಿದು, ಗಂಡಸರ ವಚನಗಳನ್ನು ಒಬ್ಬನೇ ಗಟ್ಟಿಯಾಗಿ ಓದಿದ. ಹೈದರಾಬಾದಿನ ಚರ್ಚಿನಲ್ಲಿ ಎಲ್ಲರೂ ಎಲ್ಲವನ್ನೂ ಕೂಡಿ ಓದುತ್ತಿದ್ದರಂತೆ. ಆ ರೂಢಿಯಲ್ಲಿ ಒಂಬತ್ತನೆಯದು ಮುಗಿಸಿ ನಿಲ್ಲದೆ ಹತ್ತನೆಯದಕ್ಕೂ ಕೈ ಹಾಕಿದ.

“ಅದು ನಮ್ದು. ಬಿಡ್ರಿ,” ಎಂದಳು ಅವ್ವ, ತಲೆ ಎತ್ತದೆ.

ಅಪ್ಪ ಅರ್ಧಕ್ಕೆ ನಿಲ್ಲಿಸಿದ. ಹೆಂಗಸರು ಆ ವಚನವನ್ನು ಮೊದಲಿನಿಂದ ಓದಿದರು.