ಮಸ್ಕತ್ತಿನಿಂದ ನಡೆಯುವ ಫೋಟೋ ಒಂದು

ಜನವರಿ ಹತ್ತು, ಶುಕ್ರವಾರ. ಮಸ್ಕತ್, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ತಂಗಿಯ ಮನೆಯ ಅಡುಗೆ ಕೋಣೆಯಲ್ಲಿ ಮೂವರಿದ್ದೆವು: ತಂಗಿ, ಅವಳ ಗಂಡ, ನಾನು. ನಾಲ್ಕನೆಯವರಾಗಿ ಕಲ್ಲುಗುಂಡಿಯಿಂದ ಅಮ್ಮ, ಫೋನಿನೊಳಗೆ. ಅಲ್ಲಿ ಆಗ ಏಳು ನಲವತ್ತು. ಗಂಜಿ ಉಂಡು, ಮಾತ್ರೆ ನುಂಗಿ, ಅಮ್ಮ ದಿನವೂ ಫೋನು ಮಾಡುವ ಹೊತ್ತು.

"ಇವತ್ತು ಎಲ್ಲಿಗೆ?"

"ಕಡಲಿಗೆ ಹೋಗುದು," ಎಂದೆ.

"ನಾನು ಹೇಳಿದ್ದು ನೆನಪುಂಟಲ್ಲ?"

"ಉಂಟು."

"ನೆನಪು ಇದ್ರೆ ಸಾಲದು. ಭಾನುವಾರ ನೀನು ವಿಮಾನ ಹತ್ತಿ ಆಯ್ತು," ಎಂದು ಅಮ್ಮ ಫೋನು ಇಟ್ಟರು.

"ಎಂತ ಅಕ್ಕ ಅಮ್ಮ ಹೇಳಿದ್ದು?" ತಂಗಿ ಬುತ್ತಿಗೆ ಉಪ್ಪಿಟ್ಟು ತುಂಬುತ್ತಲೇ ಕೇಳಿದಳು. ನಾನು ಥರ್ಮಾಸಿನ ಮುಚ್ಚಳ ಬಿಗಿ ಮಾಡಿದೆ.

ಅಮ್ಮ ಹೇಳಿದ್ದು ಇಷ್ಟು. ನಾನು ಹೊರಡುವ ಹಿಂದಿನ ದಿನ, ಅಮ್ಮನ ಜೊತೆಗಿರುವ ತಮ್ಮನ ಫೋನಿನಲ್ಲಿ ತಂಗಿಯ ಫೋಟೋಗಳನ್ನು ಒಂದೊಂದಾಗಿ ತೋರಿಸಿ, "ನೋಡು," ಎಂದರು. "ಸೋಫಾದಲ್ಲಿ ಕೂತದ್ದು. ಕಾರಿನಲ್ಲಿ ಕೂತದ್ದು. ಊಟದ ಮೇಜಿಗೆ ಕೂತದ್ದು. ಮೂರು ವರ್ಷದಿಂದ ಎಲ್ಲ ಕೂತ ಫೋಟೋ. ಈ ಹುಡುಗಿ ಯಾವಾಗ ಕೂತವಳು? ನೀನು ಹೋದವಳು ಅವಳು ನಡೆಯುವ ಫೋಟೋ ಒಂದು ತೆಗೆದು ಕೊಂಡು ಬಾ. ಮುಖ ಬೇಡ. ಹಿಂದಿನಿಂದ ಸಾಕು. ಇಷ್ಟು ವರ್ಷ ಲೆಫ್ಟ್ ರೈಟ್ ಹೇಳಿದವಳಿಗೆ ಅಷ್ಟು ಆಗುದಿಲ್ವಾ?"

ಸುಳ್ಯದ ಹೈಸ್ಕೂಲಿನಲ್ಲಿ ನಾನು ಮೂವತ್ತನಾಲ್ಕು ವರ್ಷ ಡ್ರಿಲ್ ಟೀಚರ್ ಆಗಿದ್ದೆ. ಸಾಲಿನಲ್ಲಿ ಒಬ್ಬ ಹುಡುಗಿಯ ಹೆಜ್ಜೆ ಅರ್ಧ ಇಂಚು ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ತಂಗಿ ಸಾಮಾನಿನ ಗಾಡಿಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದಳು. ಆ ಎರಡು ಹೆಜ್ಜೆಯಲ್ಲೇ ನನಗೆ ಗೊತ್ತಾಯಿತು. ಎಡಗಾಲು ಗಿಡ್ಡ ಬೀಳುತ್ತಿತ್ತು, ಭುಜ ಅದೇ ಬದಿಗೆ ವಾಲುತ್ತಿತ್ತು.

ಮೂರು ವರ್ಷದ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಎಲುಬು ಮುರಿದು, ಆಪರೇಷನ್ ಮಾಡಿ ಬೇರೆ ಕೀಲು ಹಾಕಿದ್ದರು. ಊರಿಗೆ ಒಂದು ಮಾತು ಹೇಳಿರಲಿಲ್ಲ. ರಜೆ ಸಿಗಲಿಲ್ಲ, ಟಿಕೆಟ್ ಸಿಗಲಿಲ್ಲ ಎಂದು ನಮಗೆ ಹೇಳುತ್ತಿದ್ದುದೆಲ್ಲ ಅದಕ್ಕೇ. ಕಲ್ಲುಗುಂಡಿಯ ನಮ್ಮ ಮನೆ ರಸ್ತೆಯಿಂದ ಮೇಲೆ, ಐವತ್ತೆರಡು ಮೆಟ್ಟಿಲು. ಶಾಲೆಗೆ ಹೋಗುವಾಗ ತಂಗಿ ಪುಸ್ತಕದ ಚೀಲ ಹಾಕಿಕೊಂಡು ಆ ಮೆಟ್ಟಿಲುಗಳನ್ನು ಒಂದೇ ಉಸಿರಿನಲ್ಲಿ ಓಡಿ ಹತ್ತುತ್ತಿದ್ದಳು. ಅಮ್ಮ ಇವತ್ತಿಗೂ ಬಂದವರಿಗೆಲ್ಲ ಅದನ್ನೇ ಹೇಳುವುದು. ಅಮ್ಮನಿಗೆ ಈಗ ಎಂಬತ್ತೊಂಬತ್ತು. ಎರಡು ವರ್ಷದಿಂದ ಅವರೂ ಆ ಮೆಟ್ಟಿಲು ಇಳಿದಿಲ್ಲ.

"ಅಮ್ಮನ ತಲೆಯಲ್ಲಿ ನಾನು ಓಡ್ತಾ ಇದ್ದೇನೆ. ಓಡ್ಲಿ, ಬಿಡು," ಎಂದಿದ್ದಳು ತಂಗಿ. "ನೀನು ಹೇಳ್ಬಾರ್ದು. ಮಾತು ಕೊಡು." ಕೊಟ್ಟೆ. ಅಮ್ಮನಿಗೂ ಒಂದು ಮಾತು ಕೊಟ್ಟಿದ್ದೆ. ಎರಡು ವಾರದಿಂದ ಆ ಎರಡು ಮಾತುಗಳ ನಡುವೆ ನಾನು ಫೋಟೋ ತೆಗೆಯುತ್ತಿದ್ದೆ.

ತೆಗೆದ ಪ್ರತಿ ಫೋಟೋಕ್ಕೂ ಪುಸ್ತಕದಲ್ಲಿ ನಂಬರು, ಸ್ಥಳ, ಗಂಟೆ ಬರೆದಿದ್ದೇನೆ. ಅರುವತ್ತಾಗಿದ್ದವು. ಕೋಟೆ, ಮೀನು ಮಾರ್ಕೆಟ್, ಒಂದೂ ಎಲೆ ಇಲ್ಲದ ಕಂದು ಗುಡ್ಡಗಳು, ಧೂಪದ ಅಂಗಡಿ. ತಂಗಿ ಇರುವಲ್ಲೆಲ್ಲ ಕೂತೇ ಇದ್ದಾಳೆ. ನಾನು ಫೋನು ಎತ್ತುವ ಮೊದಲೇ ಅವಳಿಗೆ ಒಂದು ಕಲ್ಲು, ಒಂದು ಕಟ್ಟೆ, ಮಗುಚಿ ಹಾಕಿದ ಒಂದು ದೋಣಿ ಸಿಗುತ್ತಿತ್ತು.

ಏಳೂವರೆಗೆ ಕಡಲ ಬದಿಗೆ ಮುಟ್ಟಿದೆವು. ರಜೆಯ ದಿನ, ಜನ ಚಾಪೆ ಹಾಸಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಕಲ್ಲುಗುಂಡಿಯಲ್ಲಿ ಈ ತಿಂಗಳು ಗುಡ್ಡ ದಾಟಿ ಅಂಗಳಕ್ಕೆ ಬಿಸಿಲು ಬೀಳುವಾಗ ಒಂಬತ್ತು ದಾಟುತ್ತದೆ. ಅಮ್ಮ ಅದಕ್ಕಾಗಿ ಕುರ್ಚಿ ಹಾಕಿ ಕಾಯುತ್ತಾರೆ. ಇಲ್ಲಿ ಕಾಯುವ ಕೆಲಸವೇ ಇಲ್ಲ, ಮಂಜು ಇಲ್ಲದ ಬಿಸಿಲು ಗುಡ್ಡ ದಾಟಿ ಬಂದದ್ದೇ ಮರಳಿನ ಮೇಲೆಲ್ಲ ಹಾಸಿಕೊಂಡಿತು. ನನಗೆ ಅದರಲ್ಲಿ ಒಂದು ಮೊರದಷ್ಟನ್ನು ಅಮ್ಮನ ಕುರ್ಚಿಯ ಬುಡಕ್ಕೆ ಸುರಿಯಬೇಕು ಅನ್ನಿಸಿತು.

ಉಪ್ಪಿಟ್ಟು ತಿಂದಾಯಿತು. ತಂಗಿಯ ಗಂಡ ಕಾರಿನಲ್ಲಿ ಉಳಿದ ನೀರಿನ ಬಾಟಲಿ ತರಲು ಹೋದರು. ತಂಗಿ ಚಪ್ಪಲಿ ಕಳಚಿ, "ಕಾಲು ಒದ್ದೆ ಮಾಡಿ ಬರ್ತೇನೆ," ಎಂದು ಎದ್ದಳು. ನಾನು ಕೈ ಚಾಚಿದೆ.

"ಬೇಡ. ನಾನೇ ಹೋಗುದು."

ಹೋದಳು. ನಾನು ಚಾಪೆಯ ಮೇಲೆ ನಿಂತೆ. ಅವಳು ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ಹಿಡಿದ ಹಾಗೆ ದೂರ ಚಾಚಿ, ನೀರಿನ ಕಡೆಗೆ. ಒಂದು ಹೆಜ್ಜೆ ಪೂರ್ತಿ, ಒಂದು ಅರ್ಧ. ಹೋಗುವವರನ್ನು ಹಿಂದಿನಿಂದ ಕರೆಯಬಾರದು ಎಂದು ನಮ್ಮಲ್ಲಿ ಉಂಟು. ನಾನು ಕರೆಯಲಿಲ್ಲ. ಫೋನು ಎತ್ತಿದೆ, ಒತ್ತಿದೆ. ಅರುವತ್ತೊಂದು. ಏಳು ಗಂಟೆ ಐವತ್ತೆಂಟು ನಿಮಿಷ.

ತಿರುಗಿ ಬರುವಾಗ ಅವಳು ನನ್ನ ಕೈಯಲ್ಲಿದ್ದ ಫೋನು ಕಂಡಳು.

"ತೆಗ್ದಿಯಾ?"

"ತೆಗ್ದೆ."

"ಕಳ್ಳಿ! ಅಳಿಸು ಅದನ್ನು."

"ಅಮ್ಮ ಕೇಳಿದ್ದು. ಮೂರು ವರ್ಷದಿಂದ ನೀನು ಕೂತದ್ದೇ ಕಾಣುದಂತೆ. ನಡೆಯುದು ಬೇಕಂತೆ."

ಅವಳು ಫೋನು ಕಿತ್ತುಕೊಂಡಳು. ಅಳಿಸುವಳೆಂದೇ ನಾನು ತಿಳಿದದ್ದು. ಅವಳು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು, ಬಿಸಿಲಿಗೆ ಸೆರಗು ಅಡ್ಡ ಹಿಡಿದು ತುಂಬ ಹೊತ್ತು ನೋಡಿದಳು. ತನ್ನ ಬೆನ್ನನ್ನು ಅವಳು ನೋಡಿದ್ದು ಅದೇ ಮೊದಲಿರಬೇಕು.

"ಇಷ್ಟು ವಾಲ್ತೇನಾ ಅಕ್ಕ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಇಷ್ಟೇ," ಎಂದೆ.

"ನೀನು ಡ್ರಿಲ್ ಕಲಿಸಿದ್ದು ಸಾರ್ಥಕ ಆಯ್ತು," ಎಂದು ನಕ್ಕಳು. ನಗು ಮುಗಿದ ಮೇಲೆ ಕಡಲಿನ ಕಡೆ ನೋಡುತ್ತ ಕೂತಳು. ಗಂಡ ನೀರು ತಂದು ಕೊಟ್ಟರೆ ಕುಡಿಯಲಿಲ್ಲ. "ಮಧ್ಯಾಹ್ನ ಅಮ್ಮನಿಗೆ ನಾನೇ ಹೇಳ್ತೇನೆ. ಫೋಟೋ ನೋಡಿ ಗೊತ್ತಾಗುದು ಬೇಡ," ಎಂದಳು.

ಎರಡು ಗಂಟೆಗೆ ಮನೆಯಿಂದ ಫೋನು ಮಾಡಿದಳು. ನಾವಿಬ್ಬರೂ ಕೇಳುವ ಹಾಗೆ ಸ್ಪೀಕರ್ ಹಾಕಿದ್ದಳು.

"ಅಮ್ಮ, ಮೂರು ವರ್ಷದ ಹಿಂದೆ ನಾನು ಬಿದ್ದಿದ್ದೆ. ಸೊಂಟದ್ದು ಆಪರೇಷನ್ ಆಗಿದೆ. ಈಗ ಕುಂಟಿಕೊಂಡು ನಡೆಯುದು."

ಆ ಕಡೆ ಅಂಗಳದ ಕೋಳಿ ಕೂಗಿತು.

"ಕಾಲು ಉಂಟಲ್ಲ?" ಎಂದರು ಅಮ್ಮ.

"ಆಂ?"

"ಕಾಲು, ಕಾಲು. ಉಂಟಾ?"

"ಉಂಟು ಅಮ್ಮ."

"ಎರಡೂ?"

"ಎರಡೂ ಉಂಟು."

"ಮತ್ತೆ ಎಂತಕ್ಕೆ ಕೂತದ್ದು ಮಾರಾಯ್ತಿ ಮೂರು ವರ್ಷ!" ಅಮ್ಮನ ಸ್ವರ ಏರಿತು. "ಕೆಳಗಿನ ಮನೆಯವನಿಗೆ ಸಕ್ಕರೆ ಕಾಯಿಲೆಯಲ್ಲಿ ಕಾಲು ತೆಗೆದ್ರಲ್ಲ, ನಿನಗೂ ಹಾಗೆ ಆಗಿದೆ, ನನ್ನಿಂದ ಅಡಗಿಸ್ತಾ ಇದ್ದೀರಿ ಅಂತ ನಾನು ದಿನಾ..." ಮತ್ತೆ ಬೇರೆಯೇ ಸ್ವರದಲ್ಲಿ, "ಕುಂಟುದು ಒಂದು ದೊಡ್ಡ ವಿಷಯವಾ? ನಾನು ಕುಂಟುದಿಲ್ವಾ? ಕೋಲು ಹಿಡಿ."

ತಂಗಿ ಅಳುತ್ತಿದ್ದಳು. ಅಳುತ್ತಲೇ ಕೇಳಿದಳು, "ಅಮ್ಮ, ಮೆಟ್ಟಿಲು ಈಗಲೂ ಅಷ್ಟೇ ಉಂಟಾ?"

"ಅಷ್ಟೇ ಉಂಟು. ಮೆಟ್ಟಿಲು ಕಡಿಮೆ ಆಗುದುಂಟಾ?"

ಬಾ ಎಂದು ಅಮ್ಮ ಹೇಳಲಿಲ್ಲ. ಬರುತ್ತೇನೆ ಎಂದು ಇವಳೂ ಹೇಳಲಿಲ್ಲ. ಮೇಲಿರುವವರಿಗೆ ಇಳಿಯಲಾಗದು, ಕೆಳಗೆ ಬಂದು ನಿಲ್ಲುವವಳಿಗೆ ಹತ್ತಲಾಗದು. ಅದು ಇಬ್ಬರಿಗೂ ಗೊತ್ತಿತ್ತು. ಹೊತ್ತುಕೊಂಡು ಹೋಗಬಹುದು ಎನ್ನಲು ತಂಗಿಯ ಗಂಡ ಬಾಯಿ ತೆರೆದರು, ನಾನು ಕಣ್ಣಲ್ಲೇ ತಡೆದೆ. ಆ ಮೆಟ್ಟಿಲುಗಳನ್ನು ಓಡಿ ಹತ್ತಿದವಳ ಎದುರು ಅದು ಆಡುವ ಮಾತಲ್ಲ.

"ಫೋಟೋ ಕಳಿಸ್ಲಿಕ್ಕೆ ಹೇಳು ಅಕ್ಕನಿಗೆ," ಎಂದರು ಅಮ್ಮ ಕೊನೆಗೆ. "ಕಾಗದದಲ್ಲಿ ಬೇಕು. ಫೋನಿನದ್ದು ಆರಿ ಹೋಗ್ತದೆ."

ನಾನೇ ಭಾನುವಾರ ಕೊಂಡುಹೋಗಬಹುದಿತ್ತು. ಎರಡು ದಿನ ಅಮ್ಮನನ್ನು ಕಾಯಿಸುವ ಅಗತ್ಯವಿಲ್ಲ ಎಂದು ತಂಗಿಯೇ ಹೇಳಿದಳು.

ಸಂಜೆ ಐದೂವರೆಗೆ ಅರುವತ್ತೊಂದನೆಯ ಫೋಟೋವನ್ನು ತಮ್ಮನಿಗೆ ಕಳಿಸಿದೆ. ನಾಳೆ ಬೆಳಿಗ್ಗೆ ಸುಳ್ಯಕ್ಕೆ ಹೋಗಿ ಸ್ಟುಡಿಯೋದಲ್ಲಿ ದೊಡ್ಡದಾಗಿ ತೆಗೆಸು, ಹೊಳೆಯುವ ಕಾಗದ ಬೇಡ, ಅಮ್ಮನ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಕಾಲಿನ ಹತ್ತಿರ ಕತ್ತರಿಸಲು ಬಿಡಬೇಡ ಎಂದು ಬರೆದೆ. ಐದು ಮೂವತ್ತನಾಲ್ಕಕ್ಕೆ ಅವನು 'ಆಯ್ತು' ಎಂದು ಉತ್ತರ ಹಾಕಿದ. ಪುಸ್ತಕದಲ್ಲಿ ಆ ನಂಬರಿನ ಎದುರು 'ಕಳಿಸಿದೆ' ಎಂದು ಬರೆದು ಮುಚ್ಚಿದೆ.